ಮನೆಗೆ ಹೋಗಿ ಏನಂತ ಹೇಳ್ತೀರಿ?

ಕೊಳ್ಳೇಗಾಲದ ಕಡೆಯ ಒಬ್ಬ ಅಮ್ಮ, ಸ್ತನದ ಗಡ್ಡೆ ತೆಗೆಸಿಕೊಂಡವರು, ನಮ್ಮ ವಾರ್ಡಿನ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಏನಾಯ್ತಮ್ಮ ಅಂದೆ. “ರಿಪೋರ್ಟಲ್ಲಿ ಎಲ್ಲಾ ನೆಗೆಟಿವ್ ಬಂದೈತಂತೆ ಸಿಸ್ಟರ್. ಪಕ್ಕದ್ಮನೆ ಹುಡ್ಗ ಓದಿ ಹೇಳ್ದ” ಅಂದರು. ಇಸ್ಕೊಂಡು ನೋಡಿದೆ. ಮಾರ್ಜಿನ್ ನೆಗೆಟಿವ್. ನೋಡ್ ನೆಗೆಟಿವ್. ಅಂದರೆ ಗಡ್ಡೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ, ಪರೀಕ್ಷೆಗೆ ತೆಗೆದ ಕಂಕುಳಿನ ಗಂಟುಗಳಲ್ಲೂ ಇಲ್ಲ. ಒಳ್ಳೆಯ ಸುದ್ದಿ ಅದು. ಆ ಸುದ್ದಿ ಕೈಯಲ್ಲಿ ಹಿಡಿದುಕೊಂಡೇ ಅವರು ಎರಡು ರಾತ್ರಿ ನಿದ್ದೆ ಇಲ್ಲದೆ ಕಳೆದಿದ್ದರು.

ಮೈಸೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ನರ್ಸ್. 14 ವರ್ಷ ಆಯಿತು. ಕಾಯಿಲೆ ಏನು, ಏನು ಮಾಡಬೇಕು ಅಂತ ಹೇಳುವವರು ಡಾಕ್ಟರು. ಅವರು ಮುಂದಿನ ಬೆಡ್ಡಿಗೆ ಹೋದ ಮೇಲೆ ರೋಗಿ ನನ್ನ ಮುಖ ನೋಡುತ್ತಾರೆ. ನನ್ನ ಕೆಲಸ ಶುರುವಾಗುವುದು ಅಲ್ಲಿಂದ.

ಆ ಅಮ್ಮನನ್ನು ನೋಡಿದ ಮೇಲೆ ಪಾಸಿಟಿವ್, ನೆಗೆಟಿವ್ ಅನ್ನುವ ಮಾತುಗಳನ್ನು ಬಿಟ್ಟೆ. ‘ಇದೆ’, ‘ಇಲ್ಲ’ ಅಂತಲೇ ಹೇಳುತ್ತೇನೆ. ಇಂಗ್ಲಿಷ್ ಬಲ್ಲವರಿಗೂ ಈ ಎರಡು ಪದ ಮೋಸ ಮಾಡುತ್ತವೆ. ಗಂಟು ಪಾಸಿಟಿವ್ ಅಂದರೆ ಕಾಯಿಲೆ ಅಲ್ಲಿಗೂ ಹೋಗಿದೆ. ಹಾರ್ಮೋನ್ ಪಾಸಿಟಿವ್ ಅಂದರೆ ಮಾತ್ರೆಯಿಂದ ತಡೆಯುವ ಇನ್ನೊಂದು ದಾರಿ ನಮಗೆ ಇದೆ. ಒಂದೇ ಹಾಳೆಯಲ್ಲಿ ಒಂದು ಕಡೆ ಕೆಟ್ಟದ್ದು, ಇನ್ನೊಂದು ಕಡೆ ಒಳ್ಳೆಯದು. ಯಾರಿಗೆ ತಾನೇ ಗೊತ್ತಾಗಬೇಕು?

ಸ್ಟೇಜ್, ಗ್ರೇಡ್ ಕೂಡ ಹಾಗೆಯೇ. ಗ್ರೇಡ್ 3 ಅಂತ ಓದಿ ಮೂರನೇ ಸ್ಟೇಜ್ ಅಂದುಕೊಂಡು ಕುಸಿದವರು ಎಷ್ಟೋ ಜನ. ಸ್ಟೇಜ್ ಅಂದರೆ ಕಾಯಿಲೆ ಎಲ್ಲಿವರೆಗೆ ಹೋಗಿದೆ ಅಂತ. ಗ್ರೇಡ್ ಅಂದರೆ ಅದರ ಸ್ವಭಾವ ಎಷ್ಟು ಒರಟು ಅಂತ. ಇಷ್ಟು ಹೇಳಿದರೆ ಸಾಕು.

ಹರಡುವುದರ ಬಗ್ಗೆ ಹೇಳುವುದು ಅಷ್ಟು ಸುಲಭ ಅಲ್ಲ. ಎಚ್.ಡಿ. ಕೋಟೆ ಕಡೆಯ ರೈತರೊಬ್ಬರು ಹೆಂಡತಿಯನ್ನು ಕರೆತಂದಿದ್ದರು. ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗಿತ್ತು. “ಈಗ ಎರಡು ಕ್ಯಾನ್ಸರಾ? ಶ್ವಾಸಕೋಶದ ಔಷಧಿ ಯಾಕೆ ಕೊಡ್ತಿಲ್ಲ?” ಅಂತ ಕೇಳಿದರು. ನಾನು ಕಾಂಗ್ರೆಸ್ ಗಿಡದ ಮಾತು ತೆಗೆದೆ. ನಿಮ್ಮ ಬದುವಿನಲ್ಲಿದ್ದ ಕಾಂಗ್ರೆಸ್ ಗಿಡದ ಬೀಜ ಪಕ್ಕದ ರಾಗಿ ಹೊಲಕ್ಕೆ ಬಿದ್ದು ಹುಟ್ಟಿದರೆ ಅದು ರಾಗಿ ಆಗುತ್ತಾ? ಕಾಂಗ್ರೆಸ್ ಗಿಡವೇ ಅಲ್ವಾ? ಹಾಗೇ ಇದು ಎಲ್ಲಿ ಹೋದರೂ ಸ್ತನದ ಕ್ಯಾನ್ಸರೇ, ಔಷಧಿಯೂ ಅದಕ್ಕೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂ ಬಿಡಕ್ಕೆ ಮುಂಚೆ ಕೀಳ್ಬೇಕಿತ್ತು” ಅಂದರು. ನನಗೆ ಗಂಟಲು ಕಟ್ಟಿತು. ಅವರಿಗೆ ನಾನು ಹೇಳಿದ್ದಕ್ಕಿಂತ ಜಾಸ್ತಿ ಅರ್ಥವಾಗಿತ್ತು. ಆಪರೇಷನ್ ಆದ ಮೇಲೂ ಕೀಮೋ ಯಾಕೆ ಅಂತ ಕೇಳುವವರಿಗೂ ಈಗ ಇದನ್ನೇ ಹೇಳುತ್ತೇನೆ. ಗಿಡ ಕಿತ್ತಾಯಿತು, ಮಣ್ಣಲ್ಲಿ ಕಣ್ಣಿಗೆ ಕಾಣದ ಬೀಜ ಉಳಿದಿರಬಹುದು, ಅದಕ್ಕೆ. ಹೊಲ ನೋಡದವರಿಗೆ ಬೇರೆ ಮಾತು ಬೇಕು. ಆದರೆ ‘ಹೋರಾಟ’, ‘ಯುದ್ಧ’ ಅನ್ನುವ ಮಾತು ಮಾತ್ರ ನಾನು ಯಾರ ಹತ್ತಿರವೂ ಆಡುವುದಿಲ್ಲ. ಔಷಧಿ ಹಿಡಿಯದೆ ಹೋದಾಗ ರೋಗಿಗೆ ತಾನೇ ಸೋತೆ ಅನ್ನಿಸುತ್ತದೆ. ಅದು ಅವರ ತಪ್ಪಲ್ಲ.

ರೇಡಿಯೇಷನ್ನಿಗೆ ನಮ್ಮ ಜನ ‘ಕರೆಂಟ್’ ಅನ್ನುತ್ತಾರೆ. ಮೊದಮೊದಲು ನಾನು ತಿದ್ದುತ್ತಿದ್ದೆ. ಈಗ ಅವರ ಮಾತಿನಿಂದಲೇ ಶುರುಮಾಡುತ್ತೇನೆ. ಬಾಯಿ ಕ್ಯಾನ್ಸರಿನ ಒಬ್ಬ ಯಜಮಾನರು ಶಾಕ್ ಹೊಡೆಯುತ್ತೆ ಅಂತ ಹೆದರಿ ಮೊದಲ ದಿನ ಬರಲೇ ಇಲ್ಲ. ಎರಡನೇ ದಿನ ಮಗ ಒಪ್ಪಿಸಿ ಕರೆತಂದ. “ಎಕ್ಸ್‌ರೇ ತೆಗೆಸ್ಕೊಂಡಿದ್ದೀರಲ್ವಾ, ಅದೇ ಥರದ ಕಿರಣ, ಆದ್ರೆ ಬಹಳ ಜೋರು. ಹಾಕುವಾಗ ನೋಯಲ್ಲ” ಅಂದೆ. ತಲೆ ಅಲುಗಾಡದಂತೆ ಹಾಕುವ ಜಾಲರಿಯ ಮಾಸ್ಕನ್ನು ಅವರ ಕೈಗೇ ಕೊಟ್ಟೆ. ತಿರುಗಿಸಿ ನೋಡಿದರು, ತೂತುಗಳಲ್ಲಿ ಬೆರಳು ಆಡಿಸಿದರು, “ಉಸಿರಾಡ್ಬೋದು” ಅಂದರು. ಅವರ ಭಯ ಶಾಕಿನದು ಮಾತ್ರ ಆಗಿರಲಿಲ್ಲ ಅಂತ ಆಗ ಗೊತ್ತಾಯಿತು. ವಾರಕ್ಕೆ 5 ದಿನ, ಆರೇಳು ವಾರ, ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಾಯಿ ಹುಣ್ಣಾಗಿ ಖಾರ ಮುಟ್ಟೋಕಾಗಲ್ಲ ಅಂತಲೂ ಹೇಳಿದೆ. ಮುಚ್ಚಿಟ್ಟರೆ ಆಮೇಲೆ ನಂಬಿಕೆ ಹೋಗುತ್ತದೆ. ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ ಅಂದರು. ಧಾರಾಳವಾಗಿ. ಮಷೀನಿನಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಬೇಕು. ಕೀಮೋ ಹಾಕಿದ ಸುಮಾರು 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ಇಳಿಯುತ್ತದೆ. ಆಗ ಸಣ್ಣ ಸೋಂಕೂ ಜೀವಕ್ಕೆ ಬರಬಹುದು. “ಕೌಂಟ್ ಬೀಳುತ್ತೆ, ಜ್ವರ ಬಂದ್ರೆ ತಕ್ಷಣ ಬನ್ನಿ” ಅಂತ ಒಬ್ಬ ಹೆಂಗಸಿಗೆ ಹೇಳಿ ಕಳಿಸಿದ್ದೆ. ಅವರು ಎರಡು ದಿನ ತಡವಾಗಿ ಬಂದರು, ಐಸಿಯುಗೆ ಹೋದರು. ಬದುಕಿದರು. ಯಾಕಮ್ಮ ಬರಲಿಲ್ಲ ಅಂತ ಕೇಳಿದರೆ, “ಜ್ವರ ಇರ್ಲಿಲ್ಲ ಸಿಸ್ಟರ್, ಮೈ ಬೆಚ್ಗಿತ್ತು ಅಷ್ಟೇ” ಅಂದರು. ಅವರ ಪಾಲಿಗೆ ಜ್ವರ ಅಂದರೆ ಚಳಿ ಬಂದು ನಡುಗಿ ಹಾಸಿಗೆ ಹಿಡಿಯುವುದು. ನಾನು ಕೇಳಿ ತಿಳಿದುಕೊಂಡಿರಲಿಲ್ಲ.

ಅಂದಿನಿಂದ ಕೈಯಲ್ಲಿ ಥರ್ಮಾಮೀಟರ್ ಇಲ್ಲದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಚೀಟಿಯಲ್ಲಿ 100.4 ಅಂತ ದೊಡ್ಡದಾಗಿ ಬರೆದುಕೊಡುತ್ತೇನೆ. ಅಷ್ಟು ಬಂದರೆ ರಾತ್ರಿ ಎರಡು ಗಂಟೆ ಆದರೂ ಫೋನ್ ಮಾಡಿ ಹೊರಡಿ. ನಮ್ಮನ್ನು ಕೇಳದೆ ಜ್ವರದ ಮಾತ್ರೆ ನುಂಗಬೇಡಿ, ಜ್ವರ ಅಡಗಿ ಕೂರುತ್ತದೆ. ಕೆಂಪು ಬಣ್ಣದ ಕೀಮೋ ಔಷಧಿ ಹಾಕಿದವರಿಗೆ ಮೂತ್ರ ಒಂದೆರಡು ದಿನ ಕೆಂಪಾಗುತ್ತೆ, ಅದು ರಕ್ತ ಅಲ್ಲ ಅಂತಲೂ ಮೊದಲೇ ಹೇಳಿಬಿಡುತ್ತೇನೆ.

“ಅರ್ಥ ಆಯ್ತಾ?” ಅಂತ ಕೇಳುವುದನ್ನೂ ಬಿಟ್ಟೆ. ಹೂಂ ಅಂತ ಎಲ್ಲರೂ ತಲೆ ಆಡಿಸುತ್ತಾರೆ. ನಮಗೆ ಬೇಜಾರಾಗಬಾರದು ಅಂತ. “ಮನೆಗೆ ಹೋಗಿ ಸೊಸೆಗೆ ಏನಂತ ಹೇಳ್ತೀರಿ?” ಅಂತ ಕೇಳುತ್ತೇನೆ. ಅವರು ಹೇಳುವುದರಲ್ಲಿ ತಪ್ಪಿದ್ದರೆ ನಾನು ಸರಿಯಾಗಿ ಹೇಳಿಲ್ಲ ಅಂತ ಲೆಕ್ಕ. ಮತ್ತೆ ಶುರುಮಾಡುತ್ತೇನೆ.

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಇದ್ದರು. ಇನ್ನು ಕೀಮೋ ಬೇಡ, ನೋವು ಕಡಿಮೆ ಮಾಡುವ ಆರೈಕೆ ಕೊಡೋಣ ಅಂತ ಡಾಕ್ಟರು ನಿಧಾನವಾಗಿ ಹೇಳಿ ಹೋಗಿದ್ದರು. ಅಮ್ಮನಿಗೆ ಏನೂ ಹೇಳಬೇಡಿ ಅಂತ ಮಗ ಮೊದಲಿಂದಲೂ ನಮ್ಮ ಹತ್ತಿರ ಬೇಡಿಕೊಂಡಿದ್ದರು. ಆಗ ಅವರು ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಪಕ್ಕದಲ್ಲಿ ಕೂತು ಯಾವಾಗಿನಂತೆ ಕೇಳಿದೆ, ಮನೆಗೆ ಹೋಗಿ ಏನಂತ ಹೇಳ್ತೀರಿ ಅಜ್ಜಿ?

“ನೋವಿಗೆ ಔಸ್ದಿ ಕೊಟ್ಟವ್ರೆ, ಕಾಯಿಲೆಗಲ್ಲ ಅಂತ ಹೇಳ್ತೀನಿ” ಅಂದರು. ಆಮೇಲೆ ನನ್ನ ಕೈ ಹಿಡಿದು, “ಮಗೀಗೆ ಮಾತ್ರ ಹೇಳ್ಬೇಡ ಕಣವ್ವ. ತಡ್ಕೊಳಲ್ಲ” ಅಂದರು.

ಮಗ ಮೇಲೆ ಬಂದರು. ಅವರನ್ನು ಒಳಗೆ ಕರೆದೆ, ಸ್ಟೂಲನ್ನು ಅಜ್ಜಿಯ ಪಕ್ಕಕ್ಕೆ ಎಳೆದು ಹಾಕಿದೆ. ಕರ್ಟನ್ ಮುಚ್ಚಿ ಹೊರಗೆ ನಿಂತೆ.