ಕೊಡೆ, ಕೊಟ್ಟೆ, ಗೊಬ್ಬರದ ಚೀಲ: ಮಳೆ ಹಿಡಿಯುವ ಮೊದಲು ಮಾಡಿಡಬೇಕಾದ ಕೆಲಸ

ಮಲೆನಾಡಿನ ಒಂಟಿಮನೆಗಳಲ್ಲಿ ಕಸ ಹೋಗುವ ಜಾಗ ಎರಡೇ: ತೋಟದಂಚಿನ ಗೊಬ್ಬರಗುಂಡಿ, ಇಲ್ಲವೇ ಬಚ್ಚಲೊಲೆ. ಬಾಳೆಲೆ, ಅಡಿಕೆ ಸಿಪ್ಪೆ, ತೆಂಗಿನ ಕರಟಕ್ಕೆ ಇದು ಸರಿಯಾದ ದಾರಿಯೇ. ಪ್ಲಾಸ್ಟಿಕ್ಕಿಗೆ ಅಲ್ಲ. ಗುಂಡಿಯಲ್ಲಿ ಅದು ಕೊಳೆಯುವುದಿಲ್ಲ. ಒಲೆಗೆ ಹಾಕಿದರೆ ವಿಷದ ಹೊಗೆ ಮನೆಯೊಳಗೇ ಸುತ್ತುತ್ತದೆ, ತರಕಾರಿ ಬುಡಕ್ಕೂ ಪಾತ್ರೆ ತಿಕ್ಕುವುದಕ್ಕೂ ಬರುತ್ತಿದ್ದ ಬೂದಿಯೂ ಕೆಟ್ಟುಹೋಗುತ್ತದೆ. ಹಾಗಾಗಿ ಎಸೆಯುವ ಸಾಮಾನನ್ನು ಮತ್ತೆ ಬಳಕೆಗೆ ತರುವ ಕೆಲಸವನ್ನು ಮೇ ತಿಂಗಳಲ್ಲೇ, ಒಣಗಿಸಲು ಬಿಸಿಲು ಸಿಗುವಾಗಲೇ ಮುಗಿಸಿಕೊಳ್ಳಬೇಕು. ಜೂನ್ ಹಿಡಿದ ಮೇಲೆ ತೊಳೆದದ್ದು ಒಣಗುವುದಿಲ್ಲ, ಒಣಗದ್ದಕ್ಕೆ ಬೂಷ್ಟು ಹಿಡಿಯುತ್ತದೆ.

ಮುರಿದ ಕೊಡೆ

ಇಲ್ಲಿನ ಪ್ರತಿ ಮನೆಯ ಜಗುಲಿ ಮೂಲೆಯಲ್ಲೂ ನಾಲ್ಕೈದು ಹಳೆ ಕೊಡೆಗಳಿರುತ್ತವೆ. ಮಳೆಗಾಲದಲ್ಲಿ ಸಣ್ಣ ಬಟ್ಟೆ ಒಣಗಿಸಲು ಅವುಗಳಷ್ಟು ಒಳ್ಳೆಯ ಸಾಮಾನು ಬೇರೆ ಇಲ್ಲ. ಉದ್ದ ಕೋಲಿನ, ಬಾಗಿದ ಹಿಡಿಯ ಕೊಡೆಯನ್ನೇ ಆರಿಸಿ. ಮೂರು ಮಡಿಕೆಯ ಕೊಡೆ ಇದಕ್ಕೆ ಬರುವುದಿಲ್ಲ, ಅದರ ಕಡ್ಡಿಗಳು ಕೀಲಿನಲ್ಲೇ ಮಡಚಿಕೊಳ್ಳುತ್ತವೆ.

ಬಟ್ಟೆ ಬಿಚ್ಚುವ ಮೊದಲು ಕೊಡೆ ಬಿಡಿಸಿ, ಒಂದು ಕಡ್ಡಿಯ ತುದಿಯಿಂದ ಪಕ್ಕದ ಕಡ್ಡಿಯ ತುದಿಗೆ ಎಷ್ಟು ದೂರವಿದೆ ಎಂದು ಅಳೆದು ಬರೆದಿಡಿ. ಈ ಅಳತೆ ಆಮೇಲೆ ಬೇಕು. ನಂತರ ಬ್ಲೇಡಿನಿಂದ ಪ್ರತಿ ತುದಿಯ ಹೊಲಿಗೆ, ಕಡ್ಡಿಯ ನಡುವೆ ಕಟ್ಟಿದ ದಾರ, ಮೇಲಿನ ಟೊಪ್ಪಿ ಇಷ್ಟನ್ನೂ ಬಿಡಿಸಿ. ದಾರ ಮಾತ್ರ ಕತ್ತರಿಸಿ, ಬಟ್ಟೆಗೆ ಬ್ಲೇಡು ತಾಗಬಾರದು.

ಬಟ್ಟೆ ತೆಗೆದ ಕೂಡಲೇ ಕಡ್ಡಿಗಳು ಸಡಿಲವಾಗಿ ಅತ್ತಿತ್ತ ಓಲಾಡುತ್ತವೆ. ಅವನ್ನು ಬಿಗಿಯಾಗಿ ಬಾಗಿಸಿ ಹಿಡಿದಿದ್ದದ್ದು ಬಟ್ಟೆಯೇ. ಬಹಳ ಜನ ಇಲ್ಲಿಗೇ ಬೇಸತ್ತು ಗುಜರಿಗೆ ಹಾಕಿಬಿಡುತ್ತಾರೆ. ಪರಿಹಾರ ಸುಲಭ: ಗಟ್ಟಿ ನೈಲಾನ್ ದಾರವನ್ನು ಎಂಟೂ ಕಡ್ಡಿಗಳ ತುದಿಯ ತೂತಿನಲ್ಲಿ ಪೋಣಿಸಿ, ಮೊದಲು ಬರೆದಿಟ್ಟ ಅಳತೆಗೆ ಪ್ರತಿ ತುದಿಯಲ್ಲೂ ಗಂಟು ಹಾಕುತ್ತಾ ಸುತ್ತು ಮುಗಿಸಿ. ಬಟ್ಟೆ ಮಾಡುತ್ತಿದ್ದ ಕೆಲಸವನ್ನು ಈಗ ದಾರದ ಬಳೆ ಮಾಡುತ್ತದೆ. ಕೋಲಿನ ಮೇಲೆ ಜಾರುವ ಕೊಳವೆಯನ್ನು ಬಿಡಿಸಿದ ಸ್ಥಿತಿಯಲ್ಲಿಟ್ಟು, ಅದರ ಮೇಲೂ ಕೆಳಗೂ ತೆಳು ತಂತಿ ಬಿಗಿಯಿರಿ. ಸ್ಪ್ರಿಂಗನ್ನು ನಂಬಿದರೆ ಭಾರ ಬಿದ್ದಾಗ ಕೈಕೊಡುತ್ತದೆ.

ಇನ್ನು ಹಿಡಿಯನ್ನು ಮೇಲೆ ಮಾಡಿ ಅಟ್ಟದ ತೊಲೆಗೆ ತಗುಲಿಸಿ. ಕಡ್ಡಿಗಳಲ್ಲೂ ದಾರದಲ್ಲೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಕ್ಲಿಪ್ ಹಾಕಬಹುದು. ಕಾಲುಚೀಲ, ಕರ್ಚೀಫು, ಕೂಸಿನ ಬಟ್ಟೆ ಹಾಕಿ. ಜೀನ್ಸ್, ಟವೆಲ್ ಹಾಕಿದರೆ ಕಡ್ಡಿ ಬಾಗುತ್ತದೆ. ಭಾರವನ್ನು ಎದುರುಬದುರಿಗೆ ಸಮವಾಗಿ ಹಂಚಬೇಕು, ಇಲ್ಲದಿದ್ದರೆ ಇಡೀ ಚೌಕಟ್ಟು ಓರೆಯಾಗುತ್ತದೆ. ಕಡ್ಡಿ ತುಕ್ಕು ಹಿಡಿಯುವ ಕಬ್ಬಿಣವಾದ್ದರಿಂದ ಒದ್ದೆ ಬಟ್ಟೆ ನೇರವಾಗಿ ಅದಕ್ಕೆ ತಾಗಬಾರದು, ಪ್ಲಾಸ್ಟಿಕ್ ಕ್ಲಿಪ್ಪಿನಿಂದಲೇ ಇಳಿಬಿಡಿ. ಬಿಳಿ ಬಟ್ಟೆಗೆ ಬಿದ್ದ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಬಚ್ಚಲೊಲೆಯ ನೇರ ಮೇಲೆ ತೂಗುಹಾಕುವುದು ಅಪಾಯ. ಕಿಡಿ ಹಾರದಷ್ಟು ದೂರ, ಬಿಸಿ ಗಾಳಿ ಬರುವಷ್ಟು ಹತ್ತಿರ, ಪಕ್ಕಕ್ಕೆ ಹಾಕಿ.

ಬಿಚ್ಚಿದ ಬಟ್ಟೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಒಳಗಿನ ಲೇಪ ಪುಡಿಪುಡಿಯಾಗಿ ಉದುರಿದರೆ ನೀರು ತಡೆಯುವುದಿಲ್ಲ, ಹೊಲಿಗೆ ಮಿಶನ್ ಮುಚ್ಚಲು ಇಡಿ. ಗಟ್ಟಿಯಿದ್ದರೆ ಸಂತೆಚೀಲ ಹೊಲಿಯಬಹುದು. ಅರ್ಧಕ್ಕೆ ಮಡಚಿ, ಮಡಿಕೆ ಕೆಳಗೆ ಬರುವಂತೆ 16 ಇಂಚು ಅಗಲ, 15 ಇಂಚು ಎತ್ತರಕ್ಕೆ ಎರಡೂ ಪದರ ಒಟ್ಟಿಗೆ ಕತ್ತರಿಸಿ. ನಡುವಿನ ತೂತು ಸರಿಯಾಗಿ ಚೀಲದ ತಳಕ್ಕೇ ಬರುತ್ತದೆ, ಅಲ್ಲಿಗೆ ಮಿಕ್ಕ ತುಂಡಿನಿಂದ ತೇಪೆ ಹಾಕಿ. ಹೊಲಿಗೆಯ ಸೂಜಿತೂತಿನಲ್ಲಿ ನೀರು ಒಳಗಿಳಿಯುತ್ತದೆ. ಹೊಲಿಗೆಯ ಉದ್ದಕ್ಕೂ ಮೇಣದ ಬತ್ತಿಯನ್ನು ಒತ್ತಿ ತಿಕ್ಕಿದರೆ ಬಹುಪಾಲು ನಿಲ್ಲುತ್ತದೆ.

ಹಾಲಿನ ಕೊಟ್ಟೆ

ಕೊಟ್ಟೆಯ, ಅಂದರೆ ಹಾಲಿನ ಪ್ಯಾಕೆಟ್ಟಿನ, ಮೂಲೆ ಕತ್ತರಿಸುವಾಗ ತುಂಡನ್ನು ಪೂರ್ತಿ ಬೇರೆ ಮಾಡಬೇಡಿ, ಅಂಟಿಕೊಂಡೇ ಇರಲಿ. ಆ ಚೂರುಗಳನ್ನು ಗುಜರಿಯವರೂ ಹೆಕ್ಕುವುದಿಲ್ಲ, ಮಣ್ಣಿಗೆ ಸೇರಿದರೆ ತೆಗೆಯಲೂ ಆಗುವುದಿಲ್ಲ. ಗಿಡ ನೆಡಲು ಕೊಟ್ಟೆ ಬೇಕಾದಾಗ ಮೇಲಂಚನ್ನು ಪೂರ್ತಿ ಬಿಡಿಸಿ, ಮೊದಲು ತಣ್ಣೀರಲ್ಲಿ, ನಂತರ ಅಂಟುವಾಳದ ಅಥವಾ ಸೋಪಿನ ನೀರಲ್ಲಿ ತೊಳೆಯಿರಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಗಟ್ಟಿಯಾಗಿ ಅಂಟುತ್ತದೆ, ಆ ವಾಸನೆಗೆ ಇರುವೆ, ಇಲಿ ಬರುತ್ತವೆ. ಒಳಮೈ ಹೊರಗೆ ಮಾಡಿ ಕಡ್ಡಿಗೆ ಸಿಕ್ಕಿಸಿ ಒಣಗಿಸಿ.

ಅರ್ಧ ಲೀಟರಿನದು ದಾಸವಾಳದ ಕಡ್ಡಿಗೆ, ಬದನೆ, ಮೆಣಸಿನ ಸಸಿಗೆ ಸಾಕು. ಕಾಳುಮೆಣಸಿಗೆ ಆಳ ಸಾಲದು, ಒಂದು ಲೀಟರಿನದೇ ಬೇಕು. ತಳದಲ್ಲೂ ಕೆಳಗಿನ ಅರ್ಧದ ಸುತ್ತಲೂ ಎಂಟರಿಂದ ಹತ್ತು ತೂತು ಮಾಡಿ. ತೂತು ಕಡಿಮೆಯಾದರೆ ನೀರು ನಿಂತು ಬೇರು ಕೊಳೆಯುತ್ತದೆ, ಕಾಳುಮೆಣಸಿನ ಸಸಿ ಸಾಯುವುದು ಹೆಚ್ಚಾಗಿ ಹೀಗೆಯೇ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಕಾವಿಗೆ ಬೇರು ಸುಡುತ್ತದೆ.

ಕಾಳುಮೆಣಸಿನ ಕಡ್ಡಿ ನೆಡಲು ಫೆಬ್ರವರಿ–ಮಾರ್ಚ್ ಸರಿಯಾದ ಕಾಲ, ಹಾಗಾಗಿ ಕೊಟ್ಟೆ ಕೂಡಿಡುವುದನ್ನು ಮಳೆಗಾಲ ಮುಗಿದ ಕೂಡಲೇ ಶುರುಮಾಡಿ. ಬಳ್ಳಿಯ ಬುಡದಲ್ಲಿ ನೆಲಕ್ಕೆ ಹರಿಯುವ ಕುಡಿಯಿಂದ ಎರಡು ಮೂರು ಗಿಣ್ಣಿನ ತುಂಡು ಕತ್ತರಿಸಿ, ತೊಟ್ಟು ಉಳಿಸಿ ಎಲೆ ತೆಗೆಯಿರಿ. ಒಂದು ಗಿಣ್ಣಾದರೂ ಮಣ್ಣೊಳಗಿರಬೇಕು. ನೆರಳಲ್ಲಿ ಬೆಳೆಸಿದರೆ ಜೂನ್–ಜುಲೈಗೆ ತೋಟಕ್ಕೆ ಸಿದ್ಧ. ನೆಡುವಾಗ ಕೊಟ್ಟೆ ಸೀಳಿ ಪೂರ್ತಿ ತೆಗೆಯಿರಿ, ಲೆಕ್ಕ ಹಾಕಿ ವಾಪಸ್ ತನ್ನಿ. ತಳ ಮಾತ್ರ ಹರಿದು ಹಾಗೇ ಹುಗಿದರೆ ಬೇರು ಒಳಗೇ ಸುತ್ತುತ್ತದೆ, ಪ್ಲಾಸ್ಟಿಕ್ ತೋಟದಲ್ಲೇ ಉಳಿಯುತ್ತದೆ.

ಗೊಬ್ಬರದ ಚೀಲದ ಕೊಪ್ಪೆ

ಖಾಲಿ ಯೂರಿಯಾ ಚೀಲವನ್ನು ಮೂರು ನೀರಿನಲ್ಲಿ ತೊಳೆದು ಒಣಗಿಸಿ. ತಳದ ಒಂದು ಮೂಲೆಯನ್ನು ಒಳಕ್ಕೆ ತಳ್ಳುತ್ತಾ ಹೋಗಿ ತಳದ ಇನ್ನೊಂದು ಮೂಲೆಗೆ ಮುಟ್ಟಿಸಿದರೆ ಕೊಪ್ಪೆ, ಅಂದರೆ ತಲೆ, ಬೆನ್ನು ಮುಚ್ಚುವ ಮಳೆಹೊದಿಕೆ, ಆಯಿತು. ಕತ್ತರಿ, ಸೂಜಿ ಏನೂ ಬೇಡ. ಎರಡು ಪದರ ಇರುವುದರಿಂದ ಬೆನ್ನಿಗೆ ಬೆಚ್ಚಗಿರುತ್ತದೆ, ಬಗ್ಗಿ ಕಳೆ ಕೀಳುವಾಗ ರೇನ್‌ಕೋಟಿನ ಹಾಗೆ ಬೆವರು ಹಿಡಿಯುವುದಿಲ್ಲ. ಅಕ್ಕಿ, ಕಾಳು ತುಂಬಲು ಮಾತ್ರ ಈ ಚೀಲ ಬೇಡವೇ ಬೇಡ. ಮೈಲುತುತ್ತದ (ತಾಮ್ರದ ಸಲ್ಫೇಟಿನ) ಚೀಲವನ್ನು, ಕೀಟನಾಶಕದ ಡಬ್ಬಿಯನ್ನು ಯಾವ ಕೆಲಸಕ್ಕೂ ಮತ್ತೆ ಬಳಸಬಾರದು. ಡಬ್ಬಿಗೆ ತೂತು ಮಾಡಿಬಿಡಿ, ಇನ್ನೊಬ್ಬರ ಕೈಗೆ ಸಿಕ್ಕರೂ ನೀರು ತುಂಬಲಾಗದಂತೆ.

ಕೊಪ್ಪೆಯನ್ನು ಬಿಸಿಲಲ್ಲಿ ಬಿಡಬೇಡಿ. ಬಿಸಿಲಿಗೆ ನೇಯ್ಗೆಯ ಎಳೆ ಗರಿಗರಿಯಾಗಿ, ಮುಟ್ಟಿದರೆ ಬಿಳಿ ಚೂರಾಗಿ ಉದುರುತ್ತದೆ. ಎಳೆ ಉದುರಲು ಶುರುವಾದ ದಿನವೇ ಅದನ್ನು ಒಣಕಸಕ್ಕೆ ಕೊಡಬೇಕು. ಇನ್ನೂ ಬಳಸುತ್ತೇನೆ ಎಂದು ಹಟ ಮಾಡಿದರೆ ಆ ಚೂರುಗಳೆಲ್ಲ ಗದ್ದೆಗೆ.

ಎಣ್ಣೆ ಟಿನ್ನು, ಗಾಜಿನ ಬಾಟಲಿ, ಮೊಳೆ

ಹಾರ್ಲಿಕ್ಸ್ ಬಾಟಲಿಯಲ್ಲಿ ಅಪ್ಪೆಮಿಡಿ ಹಾಕುವವರು ಬಾಟಲಿಯನ್ನು ತಣ್ಣೀರಲ್ಲಿಟ್ಟೇ ಕಾಯಿಸಬೇಕು, ಕುದಿಯುವ ನೀರಿಗೆ ಇಳಿಸಿದರೆ ಸೀಳುತ್ತದೆ. ಲೋಹದ ಮುಚ್ಚಳ ಉಪ್ಪಿಗೂ ಹುಳಿಗೂ ತುಕ್ಕು ಹಿಡಿಯುವುದರಿಂದ ಅಂಥ ಬಾಟಲಿ ಬೀಜಕ್ಕೆ ಇರಲಿ: ಚೆನ್ನಾಗಿ ಒಣಗಿದ ಬೆಂಡೆ, ಸೌತೆ ಬೀಜಕ್ಕೆ ಅಷ್ಟೇ ಪ್ರಮಾಣದ ಜರಡಿ ಹಿಡಿದ ಕಟ್ಟಿಗೆ ಬೂದಿ ಬೆರೆಸಿ ತುಂಬಿದರೆ ಹುಳ ಬೀಳುವುದು ಕಡಿಮೆ.

15 ಕೆಜಿಯ ಎಣ್ಣೆ ಟಿನ್ನಿಗೆ ಬೆಲ್ಲ, ಹಪ್ಪಳ ಹಾಕಬಹುದು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬೇಡ. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂತು ಟಿನ್ನನ್ನೇ ತಿನ್ನುತ್ತದೆ, ದ್ರಾವಣವೂ ಕೆಡುತ್ತದೆ. ಅದಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಸರಿ: ಒಂದರಲ್ಲಿ 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ 1 ಕೆಜಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ತಿರುಗಿಸಿ. ತಾಮ್ರ ಕಬ್ಬಿಣಕ್ಕೆ ಅಂಟುವ ಇದೇ ಗುಣ ಪರೀಕ್ಷೆಗೆ ಒದಗುತ್ತದೆ. ಹಳೆ ಕಬ್ಬಿಣದ ಮೊಳೆಯ ತುಕ್ಕನ್ನು ಹೊಳೆಯುವಷ್ಟು ಉಜ್ಜಿ ತೆಗೆದು, ದ್ರಾವಣದಲ್ಲಿ ಒಂದು ನಿಮಿಷ ಅದ್ದಿ. ಕೆಂಪು ಲೇಪ ಬಂದರೆ ಸುಣ್ಣ ಸಾಲದು, ಅದೇ ದ್ರಾವಣವನ್ನು ಹೊಡೆದರೆ ಅಡಿಕೆ ಗೊನೆ ಸುಡುತ್ತದೆ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪ ಸೇರಿಸಿ ಮತ್ತೆ ಅದ್ದಿ ನೋಡಿ. ಮೊಳೆ ಕೆಂಪಾಗದಿದ್ದರೆ ದ್ರಾವಣ ಸರಿಯಿದೆ, ಅದೇ ದಿನ ಹೊಡೆದು ಮುಗಿಸಿ.