ಮಹಡಿ ಕೋಣೆಯಲ್ಲಿ ಕ್ವೇಕ್ 3: ಹಳೇ ಪಿಸಿಗಳ ಲ್ಯಾನ್ ಕಟ್ಟಿದ ನನ್ನ ಅನುಭವ

ಹಲವರು ಸೇರಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತ ಆಡುವ ಕಂಪ್ಯೂಟರ್ ಆಟ ಕ್ವೇಕ್ 3 ಅರೀನಾ ಬಂದದ್ದು 1999ರ ಡಿಸೆಂಬರ್‌ನಲ್ಲಿ. ಸೈಬರ್ ಕೆಫೆ ಕಾಲದಲ್ಲಿ ಅದನ್ನು ಆಡಿದವರು ಈಗ ಮತ್ತೆ ಹಾಕಿಕೊಂಡು ನೋಡಿ, ‘ಆ ಮಜಾ ಇಲ್ಲ ಕಣೋ’ ಅನ್ನುತ್ತಾರೆ. ಆಟ ಇದ್ದ ಹಾಗೇ ಇದೆ. ಕೆಫೆಯಲ್ಲಿ ಎಲ್ಲರದೂ ಒಂದೇ ತರಹದ ಪಿಸಿ, ಒಂದೇ ತರಹದ ಮೌಸ್, ಒಂದೇ ನೆಟ್‌ವರ್ಕ್ ಸ್ವಿಚ್ (ಪಿಸಿಗಳನ್ನು ಕೇಬಲ್ಲಿನಿಂದ ಜೋಡಿಸುವ ಪೆಟ್ಟಿಗೆ). ಈಗ ಒಬ್ಬನದು 144 ಹರ್ಟ್ಜ್ ಲ್ಯಾಪ್‌ಟಾಪ್, ಮತ್ತೊಬ್ಬನದು ಆಫೀಸಿನ ಪಿಸಿ, ಮೂರನೆಯವನು ವೈಫೈನಲ್ಲಿ. ಈ ಹೆಚ್ಚುಕಡಿಮೆಯನ್ನು ಸರಿಮಾಡಿದರೆ ಮಜಾ ವಾಪಸ್ಸು ಬರುತ್ತದೆ. ತುಮಕೂರಿನ ಒಂದು ಮಹಡಿ ಕೋಣೆಯಲ್ಲಿ ಎಂಟು ಜನ ಕೂರುವಂತೆ ಲ್ಯಾನ್ (ಒಂದೇ ಜಾಗದ ಪಿಸಿಗಳ ಜಾಲ) ಜೋಡಿಸಿದ ಕ್ರಮ ಇಲ್ಲಿದೆ.

ಪಿಸಿಗೆ ದುಡ್ಡು ಸುರಿಯಬೇಕಿಲ್ಲ. ಆಫೀಸು, ಕಾಲೇಜುಗಳು ತೆಗೆದುಹಾಕಿದ ಕೋರ್ 2 ಡ್ಯುಯೋ, 2 ಜಿಬಿ ರ್‍ಯಾಮ್ ಇರುವ ಪೆಟ್ಟಿಗೆ ಧಾರಾಳ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಸಾಧ್ಯವಾದರೆ ಒಂದೇ ಮಾಡೆಲ್‌ನ ಎಂಟನ್ನು ತನ್ನಿ. ಒಂದರ ಎಸ್‌ಎಂಪಿಎಸ್ (ಪಿಸಿಯೊಳಗೆ ಕರೆಂಟು ಹಂಚುವ ಡಬ್ಬಿ) ಹೋದರೆ ಇನ್ನೊಂದರದು ಕೂರುತ್ತದೆ. ಕೊಳ್ಳುವ ಮುಂಚೆ ಪಕ್ಕದ ಮುಚ್ಚಳ ಬಿಚ್ಚಿಸಿ ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳ ನೆತ್ತಿ ನೋಡಿ. ಉಬ್ಬಿದ್ದರೆ, ಕಂದು ಅಂಟು ಕಂಡರೆ, ಬೇಡ. ತಂದಮೇಲೆ ಬ್ಲೋವರ್‌ನಲ್ಲಿ ಧೂಳು ಹೊಡೆದು, ರ್‍ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪ್ರೊಸೆಸರ್‌ಗೆ ಹೊಸ ಥರ್ಮಲ್ ಪೇಸ್ಟ್ ಹಾಕಿ, ಸಿಆರ್2032 ಬ್ಯಾಟರಿ ಬದಲಿಸಿ. ಬೀಪ್ ಹೊಡೆದುಕೊಂಡು ನಿಲ್ಲುವ ಪೆಟ್ಟಿಗೆಗಳಲ್ಲಿ ಅರ್ಧ ಇಷ್ಟಕ್ಕೇ ಎದ್ದು ಕೂರುತ್ತವೆ.

ಕರೆಂಟಿನ ಲೆಕ್ಕ ಮೊದಲೇ ಹಾಕಿ. ಪಿಸಿ ಮತ್ತು ಎಲ್‌ಸಿಡಿ ಸೇರಿ ಒಂದು ಸೀಟಿಗೆ 110ರಿಂದ 130 ವ್ಯಾಟ್, ಎಂಟಕ್ಕೆ ಸುಮಾರು 1 ಕಿಲೋವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ ನಾಲ್ಕೂವರೆ ಆಂಪ್ ಅನ್ನಿಸುತ್ತದೆ, ಆದರೆ ಹಳೇ ಅಗ್ಗದ ಎಸ್‌ಎಂಪಿಎಸ್‌ಗಳ ಪವರ್ ಫ್ಯಾಕ್ಟರ್ ಕಡಿಮೆ. ನಿಜವಾಗಿ ಎಳೆಯುವುದು 6 ಆಂಪ್ ದಾಟುತ್ತದೆ. ಹಾಗಾಗಿ ಒಂದೇ 6 ಆಂಪ್ ಸಾಕೆಟ್‌ಗೆ ಎಲ್ಲ ಸಿಕ್ಕಿಸಬೇಡಿ, ಎರಡು ಬೇರೆ ಲೈನಿಗೆ ನಾಲ್ಕು ನಾಲ್ಕು ಹಂಚಿ. ಮನೆಯ ಇನ್ವರ್ಟರ್ ಲೈನಿಗಂತೂ ಕೊಡಲೇಬೇಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಅರ್ತಿಂಗ್ ಇಲ್ಲ ಎಂದರ್ಥ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆಟ ಬಂದ್. ನೆಟ್‌ವರ್ಕ್ ಸ್ವಿಚ್ಚನ್ನು ಮಾತ್ರ ಒಂದು ಸಣ್ಣ ಯುಪಿಎಸ್‌ಗೆ ಕೊಡಿ. ಸರ್ವರ್ (ಆಟ ನಡೆಸುವ, ಎಲ್ಲರೂ ಬಂದು ಸೇರುವ ಯಂತ್ರ) ಲ್ಯಾಪ್‌ಟಾಪ್ ಆಗಿದ್ದರೆ ಅದರ ಬ್ಯಾಟರಿಯೇ ಸಾಕು.

ಕೇಬಲ್ಲಿಗೆ ಕ್ಯಾಟ್ 5ಇ, ಜೊತೆಗೆ 100 ಎಂಬಿಪಿಎಸ್ ಸ್ವಿಚ್. ಗಿಗಾಬಿಟ್ ಬೇಡ, ಈ ಆಟ ಒಬ್ಬೊಬ್ಬರಿಗೆ ಸೆಕೆಂಡಿಗೆ ಕಳಿಸುವುದು ಕೆಲವೇ ಕಿಲೋಬೈಟು. ಒಂದು ಪೋರ್ಟ್ ಸರ್ವರ್‌ಗೆ ಬೇಕಾದ್ದರಿಂದ ಎಂಟು ಜನಕ್ಕೆ 16 ಪೋರ್ಟಿನದೇ ತನ್ನಿ, ಇಲ್ಲವೇ 8 ಪೋರ್ಟಿನದರಲ್ಲಿ ಏಳೇ ಜನ ಕೂತುಕೊಳ್ಳಿ. ಕ್ರಿಂಪ್ ಮಾಡುವಾಗ (ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ) ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ತಿರುಚನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. 100 ಎಂಬಿಪಿಎಸ್‌ನಲ್ಲಿ ಕೆಲಸ ಮಾಡುವುದು 1, 2, 3, 6ನೇ ತಂತಿಗಳು ಮಾತ್ರ, ಅಂದರೆ ಕಿತ್ತಳೆ ಮತ್ತು ಹಸಿರು ಜೋಡಿ. ಟೆಸ್ಟರ್‌ನಲ್ಲಿ ನೀಲಿಯದೋ ಕಂದಿನದೋ ದೀಪ ಹತ್ತದಿದ್ದರೆ ಆ ಕೇಬಲ್ ಎಸೆಯಬೇಡಿ, ಇಲ್ಲಿ ನಡೆಯುತ್ತದೆ.

ರೂಟರ್ ಬೇಡ. ಪ್ರತಿ ಪಿಸಿಗೆ ಕೈಯಿಂದಲೇ ವಿಳಾಸ ಕೊಡಿ: ಸರ್ವರ್‌ಗೆ 192.168.1.10, ಮಿಕ್ಕವಕ್ಕೆ 11ರಿಂದ ಮುಂದೆ, ಎಲ್ಲಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಮಾಸ್ಕ್ ಒಂದರಲ್ಲಿ ಬೇರೆಯಾದರೆ ಆ ಪಿಸಿಗೆ ಸರ್ವರ್ ಪಟ್ಟಿಯೇ ಖಾಲಿ ಕಾಣಬಹುದು. ವೈಫೈ ಇರುವ ಪಿಸಿಯಲ್ಲಿ ಅದನ್ನು ಆಫ್ ಮಾಡಿ. ವಿಂಡೋಸ್ ಈ ಜಾಲವನ್ನು ‘ಪಬ್ಲಿಕ್’ ಎಂದುಕೊಂಡಿದ್ದರೆ ಫೈರ್‌ವಾಲ್ ಅಡ್ಡ ಬರುತ್ತದೆ. ‘ಪ್ರೈವೇಟ್’ ಮಾಡಿ, ಆಟಕ್ಕೆ ಅನುಮತಿ ಕೊಡಿ. ಫೈರ್‌ವಾಲ್‌ನಲ್ಲಿ ತೆರೆದಿರಬೇಕಾದ ಪೋರ್ಟ್ ಸಂಖ್ಯೆ ಯುಡಿಪಿ 27960. ಪಟ್ಟಿಯಲ್ಲಿ ಕಾಣದಿದ್ದರೂ ಕನ್ಸೋಲ್ (ಆಟದೊಳಗೆ ಆಜ್ಞೆ ಹೊಡೆಯುವ ಕಿಟಕಿ) ತೆಗೆದು ‘ಕನೆಕ್ಟ್ 192.168.1.10’ ಹೊಡೆದರೆ ಒಳಗೆ ಹೋಗಬೇಕು. ಅದೂ ಆಗದಿದ್ದರೆ ಮೊದಲು ಫೈರ್‌ವಾಲ್, ಆಮೇಲೆ ಕೇಬಲ್.

ಆಟದ ಮೂಲ ಕೋಡ್ 2005ರಲ್ಲಿ ಜಿಪಿಎಲ್ ಎಂಬ ಮುಕ್ತ ಪರವಾನಗಿ ಅಡಿ ಬಿಡುಗಡೆಯಾಯಿತು. ಅದರಿಂದ ಬೆಳೆದ ಐಒಕ್ವೇಕ್3 ಹಾಕಿ. 1999ರ ಮೂಲ ಪ್ರೋಗ್ರಾಂ ಹೊಸ ಗ್ರಾಫಿಕ್ಸ್ ಡ್ರೈವರ್‌ಗಳ ಜೊತೆ ಕ್ರ್ಯಾಶ್ ಆಗುವುದುಂಟು. ಆದರೆ ಕೋಡ್ ಮಾತ್ರ ಮುಕ್ತ, ಚಿತ್ರ, ಸದ್ದು, ಮ್ಯಾಪ್‌ಗಳಲ್ಲ. ಕೊಂಡ ಪ್ರತಿಯಿಂದ ‘ಪ್ಯಾಕ್0.ಪಿಕೆ3’ ಫೈಲನ್ನು ‘ಬೇಸ್‌ಕ್ಯೂ3’ ಫೋಲ್ಡರ್‌ಗೆ ಹಾಕಿ, ಜೊತೆಗೆ ಪ್ಯಾಚ್‌ನ ಪ್ಯಾಕ್1ರಿಂದ ಪ್ಯಾಕ್8. ಎಂಟು ಪಿಸಿಯಲ್ಲೂ ಈ ಫೈಲುಗಳು ತದ್ರೂಪ ಇರಬೇಕು. ಸರ್ವರ್‌ನಲ್ಲಿ ‘ಎಸ್‌ವಿ_ಪ್ಯೂರ್ 1’ ಇದ್ದಾಗ ಯಾರದೋ ಫೈಲ್ ಬೇರೆಯಾದರೆ ಅವರನ್ನು ಹೊರಗೆ ತಳ್ಳುತ್ತದೆ. ಅದನ್ನು 0 ಮಾಡಿ ಜಾರಿಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಎದುರಾಳಿಗಳು ಎದ್ದು ಕಾಣುವ ಸ್ಕಿನ್ (ಮೈಬಣ್ಣದ ಫೈಲ್) ಹಾಕಿಕೊಂಡವನೇ ಗೆಲ್ಲುತ್ತಾನೆ. ಕೊಳ್ಳುವುದು ಬೇಡವೆಂದರೆ ಓಪನ್‌ಅರೀನಾ ಪೂರ್ತಿ ಉಚಿತ, ನಡೆ ಅದೇ, ನೋಟ ಸ್ವಲ್ಪ ಒರಟು.

ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕನ್ಸೋಲ್‌ನಲ್ಲಿ ಇಂಗ್ಲಿಷ್ ಅಕ್ಷರ ಒಂದೆರಡು ಹೊಡೆದು ಟ್ಯಾಬ್ ಒತ್ತಿದರೆ ಪೂರ್ತಿ ಹೆಸರು ಅದೇ ತೋರಿಸುತ್ತದೆ.

ಸರ್ವರ್ ಬೇರೆಯೇ ಇರಲಿ. ಆಡುವವನೊಬ್ಬನ ಪಿಸಿಯಲ್ಲೇ ಆಟ ತೆರೆದರೆ ಅವನಿಗೆ ಜಾಲದ ತಡ ಇಲ್ಲವೇ ಇಲ್ಲ, ಉಳಿದವರಿಗೆ ಇದೆ. ರೈಲ್‌ಗನ್ ಎಂಬ ಬಂದೂಕಿನ ಏಟು ಒಂದಕ್ಕೆ ಎದುರಾಳಿಯ ಹೆಲ್ತ್‌ನಲ್ಲಿ 100 ಹೋಗುತ್ತದೆ, ಮುಂದಿನ ಗುಂಡಿಗೆ ಒಂದೂವರೆ ಸೆಕೆಂಡ್ ಕಾಯಬೇಕು. ಯಾರ ಏಟು ಮೊದಲು ದಾಖಲಾಯಿತು ಎಂಬುದರ ಮೇಲೆಯೇ ಜಗಳ. ಹಳೇ ಲ್ಯಾಪ್‌ಟಾಪಲ್ಲಿ ‘ಡೆಡಿಕೇಟೆಡ್ 1’ ಇಟ್ಟು ಓಡಿಸಿ; 1 ಅಂದರೆ ಲ್ಯಾನ್, 2 ಅಂದರೆ ಇಂಟರ್ನೆಟ್. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ.

ಇನ್ನು ಮುಖ್ಯ ವಿಷಯ, ಫ್ರೇಮ್ ದರ, ಅಂದರೆ ಪಿಸಿ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದು. ಈ ಎಂಜಿನ್ ಕಾಲವನ್ನು ಪೂರ್ಣ ಮಿಲಿಸೆಕೆಂಡುಗಳಲ್ಲಿ ಎಣಿಸುತ್ತದೆ, ವೇಗವನ್ನೂ ಪ್ರತಿ ಫ್ರೇಮಿಗೆ ಪೂರ್ಣ ಸಂಖ್ಯೆಗೆ ತರುತ್ತದೆ. ಗುರುತ್ವ 800. ಸೆಕೆಂಡಿಗೆ 125 ಫ್ರೇಮ್ ಅಂದರೆ ಒಂದಕ್ಕೆ 8 ಮಿಲಿಸೆಕೆಂಡ್. ಆಗ ಪ್ರತಿ ಫ್ರೇಮಿನಲ್ಲಿ ಜಿಗಿತದ ವೇಗದಿಂದ ಗುರುತ್ವ ಕಳೆಯಬೇಕಾದ್ದು 6.4, ಕಳೆಯುವುದು 6. ಅಂದರೆ ಆ ಆಟಗಾರನಿಗೆ ಗುರುತ್ವ 750 ಇದ್ದಂತೆ, ಜಿಗಿತ ಎತ್ತರ. 60ರ ಹತ್ತಿರ ಓಡುವವನಿಗೆ 16 ಮಿಲಿಸೆಕೆಂಡ್, 12.8 ಹೋಗಿ 13 ಆಗುತ್ತದೆ, ಅವನ ಜಿಗಿತ ಗಿಡ್ಡ. ಡಿಎಂ13 ಮ್ಯಾಪ್‌ನಲ್ಲಿ ಮೆಗಾಹೆಲ್ತ್‌ಗೆ (ಹೆಲ್ತ್ ಏರಿಸುವ ವಸ್ತು) ಒಬ್ಬ ಸಲೀಸಾಗಿ ಹಾರುವುದು, ಪಕ್ಕದವನು ಎಷ್ಟು ಒದ್ದಾಡಿದರೂ ಅಂಚು ಮುಟ್ಟದಿರುವುದು ಇದರಿಂದಲೇ. ಕೈಚಳಕ ಅಂದುಕೊಂಡವರು ಇಂದಿಗೂ ಇದ್ದಾರೆ.

ಪರಿಹಾರ ಎರಡು. ಎಲ್ಲ ಪಿಸಿಯಲ್ಲೂ ‘ಕಾಮ್_ಮ್ಯಾಕ್ಸ್‌ಎಫ್‌ಪಿಎಸ್ 125’ ಮತ್ತು ‘ಆರ್_ಸ್ವಾಪ್‌ಇಂಟರ್ವಲ್ 0’ ಹಾಕಿ. ಎರಡನೆಯದು ಬಿಟ್ಟರೆ 60 ಹರ್ಟ್ಜ್ ಪರದೆಯಲ್ಲಿ ಫ್ರೇಮ್ 60ಕ್ಕೇ ಅಂಟಿಕೊಳ್ಳಬಹುದು. ‘ಸಿಜಿ_ಡ್ರಾಎಫ್‌ಪಿಎಸ್ 1’ ಇಟ್ಟು ಗಲಾಟೆಯ ನಡುವೆ ನೋಡಿ. 125ರಿಂದ ಇಳಿಯುತ್ತಿದ್ದರೆ 800×600ಕ್ಕೆ ಬನ್ನಿ, ‘ಆರ್_ವರ್ಟೆಕ್ಸ್‌ಲೈಟ್ 1’ ಮಾಡಿ. ಆಗಲೂ ಏಗದ ಪಿಸಿ ಒಂದಿದ್ದರೆ ಸರ್ವರ್‌ನಲ್ಲಿ ‘ಪಿಮೂವ್_ಫಿಕ್ಸ್ಡ್ 1’, ‘ಪಿಮೂವ್_ಎಂಸೆಕ್ 8’. ಆಗ ಎಲ್ಲರ ನಡೆಯೂ 8 ಮಿಲಿಸೆಕೆಂಡಿನ ಲೆಕ್ಕಕ್ಕೆ ಬರುತ್ತದೆ. ಕೆಲವರಿಗೆ ಚಲನೆ ಸ್ವಲ್ಪ ಕುಲುಕಿದಂತೆ ಅನ್ನಿಸುತ್ತದೆ, ಅದು ಸಹಜ. ‘ಎಸ್‌ವಿ_ಎಫ್‌ಪಿಎಸ್’ 20 ಇರುತ್ತದೆ, ಮುಟ್ಟಬೇಡಿ.

ಮೌಸ್ ಎಂಟೂ ಒಂದೇ ಮಾಡೆಲ್‌ನ ತಂತಿಯ ಆಪ್ಟಿಕಲ್. ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ‘ಪಾಯಿಂಟರ್ ಪ್ರಿಸಿಷನ್’ ಟಿಕ್ ತೆಗೆಯಿರಿ.

‘ಸಿಜಿ_ಲ್ಯಾಗೋಮೀಟರ್ 1’ ಹಾಕಿದರೆ ಬಲಮೂಲೆಯಲ್ಲಿ ಎರಡು ಪಟ್ಟಿ. ಕೆಳಗಿನದು ಹಸಿರಾಗಿ ಚಪ್ಪಟೆಯಾಗಿದ್ದರೆ ಸರಿ. ಕೆಂಪು ಗೆರೆ ಎದ್ದರೆ ಪ್ಯಾಕೆಟ್ (ಜಾಲದಲ್ಲಿ ಹೋಗುವ ಮಾಹಿತಿಯ ತುಣುಕು) ಕಳೆದಿದೆ. ಲ್ಯಾನ್‌ನಲ್ಲಿ ಇದರ ಕಾರಣ ಬಹುತೇಕ ಸಡಿಲ ಕ್ರಿಂಪ್. ಪಕ್ಕದವರ ಕೇಬಲ್ ಅದಲುಬದಲು ಮಾಡಿ, ಕೆಂಪು ಯಾರ ಹಿಂದೆ ಹೋಯಿತೋ ಆ ಕೇಬಲ್‌ನ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ.

ಪಂದ್ಯಕ್ಕೆ 10 ನಿಮಿಷ, 20 ಫ್ರ್ಯಾಗ್ (ಎದುರಾಳಿಯನ್ನು ಹೊಡೆದುರುಳಿಸಿದ ಲೆಕ್ಕ). ಎಂಟು ಜನಕ್ಕೆ ಡಿಎಂ7 ಮ್ಯಾಪ್, ನಾಲ್ಕೈದು ಜನಕ್ಕೆ ಡಿಎಂ6, ಇಬ್ಬರಿಗೆ ಟೂರ್ನಿ2, ನಾಲ್ಕು ನಾಲ್ಕರ ಬಾವುಟದಾಟಕ್ಕೆ ಸಿಟಿಎಫ್1. ಡಿಎಂ17 ಎಲ್ಲರೂ ಕೇಳುತ್ತಾರೆ. ಬಯಲಿನ ಮ್ಯಾಪ್ ಆದ್ದರಿಂದ ಅಲ್ಲಿ ರೈಲ್‌ಗನ್ ಹಿಡಿದವನದೇ ರಾಜ್ಯ, ಕೊನೆಗಿಟ್ಟುಕೊಳ್ಳಿ. ಹೊಸಬರಿಗೆ ಮೂರು ಅಂಕಿ ಬಾಯಿಪಾಠ ಮಾಡಿಸಿ: ಎತ್ತಿಕೊಂಡ ಮೇಲೆ ಆರ್ಮರ್ 25 ಸೆಕೆಂಡಿಗೆ, ಮೆಗಾಹೆಲ್ತ್ 35ಕ್ಕೆ, ಕ್ವಾಡ್ (ಏಟಿನ ಬಲ ಹೆಚ್ಚಿಸುವ ವಸ್ತು) 120ಕ್ಕೆ ಮತ್ತೆ ಬರುತ್ತದೆ. ಪಂದ್ಯ ಶುರುವಾದ ತಕ್ಷಣ ಕ್ವಾಡ್ ಇರುವುದಿಲ್ಲ, ಅರ್ಧದಿಂದ ಒಂದು ನಿಮಿಷದೊಳಗೆ ಯಾವಾಗಲಾದರೂ ಇಳಿಯುತ್ತದೆ. ಇಷ್ಟಾದರೂ ಒಬ್ಬನೇ ಎಲ್ಲರನ್ನೂ ಅರೆಯುತ್ತಿದ್ದರೆ ಪ್ಲೇಯರ್ ಸೆಟ್ಟಿಂಗಿನಲ್ಲಿ ಅವನ ಹ್ಯಾಂಡಿಕ್ಯಾಪ್ 70ಕ್ಕೆ ಇಳಿಸಿ. ಅವನ ಹೆಲ್ತ್ ಮಿತಿಯೂ ಏಟಿನ ಬಲವೂ ಎರಡೂ ತಗ್ಗುತ್ತವೆ.