ಸೌಂಡ್ ಇಳಿಸಿದೆ, ಸಭೆ ಹಾಡಿತು: ನನ್ನ ಅನುಭವ

ಹೋದ ಈಸ್ಟರಿನಲ್ಲಿ ನಮ್ಮ ಚರ್ಚಿನ ಆರಾಧನೆಯಲ್ಲಿ, ಹಾಡಿನ ಎರಡನೇ ಚರಣದ ಮಧ್ಯೆ ಕರೆಂಟ್ ಹೋಯಿತು. ನಾನು ನುಡಿಸುವ ಕೀಬೋರ್ಡ್ ಸತ್ತಿತು, ಮೈಕ್ ಸತ್ತಿತು. ಹಾಡು ಮಾತ್ರ ನಿಲ್ಲಲಿಲ್ಲ. ಇನ್ನೂರು ಚಿಲ್ಲರೆ ಜನ ಕೊನೆಯ ಸಾಲಿನವರೆಗೂ ಹಾಡಿದರು. ಮೂರು ವರ್ಷದ ಹಿಂದೆ ಹೀಗೇ ಕರೆಂಟ್ ಹೋದಾಗ, ಅಷ್ಟು ಹೊತ್ತು ಹಾಡುತ್ತಿದ್ದದ್ದು ಮೈಕ್ ಹಿಡಿದ ನಾವು ಐದು ಜನ ಮಾತ್ರ ಅನ್ನೋದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. "ನಮ್ಮ ಜನ ಹಾಡಲ್ಲ ಬಿಡಪ್ಪ, ಸುಮ್ನೆ ಒದ್ದಾಡಬೇಡ" ಅಂದಿದ್ದ ಹಿರಿಯರೇ ಈಸ್ಟರ್ ದಿನ ಬಂದು ಬೆನ್ನು ತಟ್ಟಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಸೌಂಡಿಗೇ ದುಡ್ಡು ಸುರಿದೆ. ಹನ್ನೆರಡು ಚಾನೆಲ್ ಮಿಕ್ಸರ್, ಹದಿನೈದು ಇಂಚಿನ ಎರಡು ಸ್ಪೀಕರ್, ಮಾನಿಟರ್, ಕೇಬಲ್ಲು ಎಲ್ಲ ಸೇರಿ ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ ಆಗಿರಬೇಕು. ಅದರಲ್ಲಿ ನಲವತ್ತು ಸಾವಿರ ನನ್ನ ಜೇಬಿನದು. ಮನೆಯಲ್ಲಿ ಈ ಮಾತು ಈಗಲೂ ಬರುತ್ತದೆ.

ಒಂದು ಭಾನುವಾರ ಕೊನೆಯ ಬೆಂಚಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ರಾತ್ರಿ ಕೇಳಿದರೆ ಬೇಸ್ ಗಿಟಾರ್, ನನ್ನ ಕೀಬೋರ್ಡಿನ ಸ್ಟ್ರಿಂಗ್ಸ್, ಮುಂದೆ ಹಾಡುವವನ ಎಕೋ. ಜನರ ದನಿ ಇಲ್ಲವೇ ಇಲ್ಲ. ನಡುವೆ ಒಂದು ಮಗು ಅತ್ತಿತ್ತು, ಸಭೆಯ ಕಡೆಯಿಂದ ಬಂದ ಶಬ್ದ ಅದೊಂದೇ. ಬೈಬಲಿನಲ್ಲಿ ಪೌಲನು ಕೊಲೊಸ್ಸೆಯ ಸಭೆಯವರಿಗೆ ಬರೆದದ್ದು ಏನು? ಕೀರ್ತನೆ, ಸಂಗೀತ, ಆತ್ಮಸಂಬಂಧವಾದ ಪದಗಳಿಂದ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಿ ಅಂತ. ಪಕ್ಕದವರ ದನಿ ಕೇಳಿಸದಿದ್ದರೆ ಬುದ್ಧಿ ಹೇಳುವುದು ಎಲ್ಲಿಂದ ಬಂತು?

ಮೊದಲು ಕೈ ಹಾಕಿದ್ದು ಶ್ರುತಿಗೆ. ಯೂಟ್ಯೂಬ್ ಹಾಡುಗಳನ್ನು ಅವರು ಹಾಡಿದ ಶ್ರುತಿಯಲ್ಲೇ ನುಡಿಸುತ್ತಿದ್ದೆವು. ಸ್ವರ ಮೇಲಿನ ಎಫ್, ಜಿ ಅಂತ ಹೋದರೆ ನಮ್ಮ ಗಂಡಸರು ಪಲ್ಲವಿಗೇ ಬಾಯಿ ಮುಚ್ಚುತ್ತಾರೆ. ಮೇಲಿನ ಡಿ ದಾಟಬಾರದು ಅಂತ ಗೆರೆ ಎಳೆದೆ. ಎಲ್ಲ ಹಾಡೂ ಎರಡು ಮೂರು ಸ್ವರ ಇಳಿದವು. ಲೀಡ್ ಹಾಡುವವನು "ಮಜಾನೇ ಬರಲ್ಲ ಅಣ್ಣ" ಅಂದ. ಮೂರನೇ ವಾರ ಫೋನ್ ರೆಕಾರ್ಡಿಂಗ್ ಕೇಳಿಸಿದೆ. ಸುಮ್ಮನಾದ.

ಡ್ರಮ್ಸ್ ವಿಷಯದಲ್ಲಿ ಎಡವಿದೆ. ಜನರ ದನಿ ಕೇಳಲಿ ಅಂತ ಒಂದೇ ಏಟಿಗೆ ತೆಗೆಸಿಬಿಟ್ಟೆ. ಬಾರಿಸುವ ಹುಡುಗ ಎರಡು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ. ಅವನ ಮನೆಗೇ ಹೋಗಿ, ಅವರಮ್ಮ ಕೊಟ್ಟ ಉಪ್ಪಿಟ್ಟು ತಿಂದು, ಕ್ಷಮೆ ಕೇಳಿ ಬಂದೆ. ಈಗ ಕಹೋನ್ ಅನ್ನೋ ಮರದ ಪೆಟ್ಟಿಗೆ ವಾದ್ಯ ಬಾರಿಸುತ್ತಾನೆ, ಡ್ರಮ್ಸಿಗಿಂತ ಚೆನ್ನಾಗಿ.

ಆ ಎರಡು ತಿಂಗಳಲ್ಲಿ ತಬಲಾ ತಂದು ನೋಡಿದೆ. "ಇದೇನು ಭಜನೆ ಮನೆಯಾ?" ಅಂತ ಒಬ್ಬರು ಕೇಳಿದರು. ನಿಘಂಟಿನ ಕಿಟ್ಟೆಲ್ ಸಾಹೇಬರು 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದರು ಅಂದೆ, ಮತ್ತೆ ಕೇಳಲಿಲ್ಲ. ನಿಜವಾದ ತೊಂದರೆ ಬೇರೆ ಇತ್ತು. ತಬಲಾ ಕಪ್ಪು ಒಂದು (ಸಿ ಶಾರ್ಪ್) ಶ್ರುತಿಗೆ ಕೂತಿತ್ತು, ನನ್ನ ಹಾಡುಗಳು ನಾಲ್ಕು ಶ್ರುತಿಯಲ್ಲಿ. ಶ್ರುತಿ ಬದಲಿಸಲು ಸುತ್ತಿಗೆಯಲ್ಲಿ ಎಷ್ಟು ಅಂತ ಹೊಡೆಯುವುದು? ಇನ್ನೊಂದು ದಾಯಾನಿಗೆ, ಅಂದರೆ ಬಲಗೈಯ ತಬಲಾಕ್ಕೆ, ಸುಮಾರು ಮೂರು ಸಾವಿರ ಹೋಯಿತು. ಆಮೇಲೆ ಬುದ್ಧಿ ಬಂದು, ತಬಲಾ ಇರುವ ವಾರ ಹಾಡುಗಳನ್ನೇ ಎರಡು ಶ್ರುತಿಗೆ ಕೂರಿಸಿದೆ.

ಕೊನೆಯ ಚರಣ ವಾದ್ಯ ಇಲ್ಲದೆ ಹಾಡಿಸುವುದು ನನ್ನ ಮುಖ್ಯ ಪ್ರಯೋಗ. ಮೊದಲ ಸಲ ಜನ ಕೀಬೋರ್ಡಿನ ಒಂದು ಮನೆಯಷ್ಟು ಕೆಳಗೆ ಜಾರಿದ್ದರು. ಗೊತ್ತಾಗದೆ ನಾನು ಪಲ್ಲವಿಗೆ ಕೀಬೋರ್ಡ್ ಒತ್ತಿದೆ. ಮುಂದಿನ ಬೆಂಚಿನ ಅಜ್ಜಿ ಕಣ್ಣು ಮುಚ್ಚಿ ಹಾಡುತ್ತಿದ್ದವರು ಬೆಚ್ಚಿ ಕಣ್ಣು ಬಿಟ್ಟರು. ಈಗ ಕೀಬೋರ್ಡ್ ಬಿಟ್ಟ ಮೇಲೆ ಬಿಟ್ಟೆ, ಆ ಹಾಡಿಗೆ ವಾಪಸ್ ಬರುವುದಿಲ್ಲ. ಶ್ರುತಿ ಇಳಿಯದ ಹಾಗೆ ಮೂರನೇ ಚರಣದಲ್ಲೇ ಎಡಗೈಯಲ್ಲಿ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ಪ್ರಾಕ್ಟೀಸಿಗೆ ಬಂದವರಿಗೆ ತೋರಿಸುತ್ತೇನೆ.

ಇನ್ನು ನಮ್ಮ ನಡತೆ. ಒಂದು ಶನಿವಾರ ರಾತ್ರಿ ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸಿ ಆರು ಸಾವಿರ ತಂದೆ, ಮಲಗಿದ್ದು ಎರಡು ಗಂಟೆಗೆ. ಬೆಳಿಗ್ಗೆ ಆರಾಧನೆಯಲ್ಲಿ ಮೊದಲ ಹಾಡಿಗೇ ಪಾಸ್ಟರ್ ಗಂಟಲು ಸೀಳಿತು. ನೋಡಿದರೆ ಮದುವೆಗೆ ಶ್ರುತಿ ಏರಿಸಲು ಕೀಬೋರ್ಡಿನಲ್ಲಿ ಹಾಕಿದ ಟ್ರಾನ್ಸ್‌ಪೋಸ್ ಹಾಗೇ ಇತ್ತು, ಪ್ಲಸ್ ಮೂರು. ಪ್ರಸಂಗದ, ಅಂದರೆ ಪಾಸ್ಟರ್ ಬೋಧನೆಯ ಹೊತ್ತಿಗೆ ವೆಸ್ಟ್ರಿಯಲ್ಲಿ (ಚರ್ಚಿನ ಪಕ್ಕದ ಕೋಣೆಯಲ್ಲಿ) ಟೀ ಕುಡಿಯುತ್ತಾ ಕೂತೆ, ಎಲ್ಲ ವಾರದ ಹಾಗೆ. ಅವತ್ತು ಮಾತ್ರ ಆ ಟೀ ಗಂಟಲಿಗೆ ಇಳಿಯಲಿಲ್ಲ. ಶನಿವಾರದ ಕಾರ್ಯಕ್ರಮ ಬಿಟ್ಟೆ, ವರ್ಷಕ್ಕೆ ಕಡಿಮೆ ಅಂದರೂ ಐವತ್ತು ಸಾವಿರ ಹೋಯಿತು. ತಂಡದವರೆಲ್ಲ ಪ್ರಸಂಗ ಕೇಳಲು ಕುಟುಂಬದ ಜೊತೆ ಬೆಂಚಿನಲ್ಲೇ ಕೂರಬೇಕು ಅಂತ ನಿಯಮ ಮಾಡಿದೆ. ಹಾಡುವವರ ಪೈಕಿ ಇಬ್ಬರು ಬಿಟ್ಟು ಹೋದರು. ಒಬ್ಬಳು ವಾಪಸ್ ಬಂದಳು.

ಯಾರು ಲೀಡ್ ಹಾಡಬೇಕು ಅನ್ನುವ ಜಗಳಕ್ಕೆ ಮದ್ದು ಬೈಬಲಿನ ಒಂದನೇ ಪೂರ್ವಕಾಲವೃತ್ತಾಂತ 25ನೇ ಅಧ್ಯಾಯದಲ್ಲಿ ಸಿಕ್ಕಿತು. ದೇವಾಲಯದ ಸೇವೆಗೆ 288 ಜನ ನುರಿತ ಗಾಯಕರಿದ್ದರೂ ಗುರು ಶಿಷ್ಯ ಅನ್ನದೆ ಚೀಟು ಹಾಕಿದರು. ನಾವೂ ಹಾಕಿದೆವು. ಮೂರು ವಾರ ಸತತ, ಶ್ರುತಿಯೇ ನಿಲ್ಲದ ಒಬ್ಬರಿಗೆ ಬಂತು! ಅವರು "ಕರ್ತನ ಚಿತ್ತ" ಅಂದರು, ನಾನು ಏನು ಹೇಳಲಿ? ಈಗ ಗುರುವಾರದ ಪ್ರಾಕ್ಟೀಸಿಗೆ ಬಂದವರ ಹೆಸರು ಮಾತ್ರ ಡಬ್ಬಿಗೆ ಬೀಳುತ್ತದೆ. ಅವರೂ ತಪ್ಪದೆ ಬರುತ್ತಾರೆ, ಶ್ರುತಿಯೂ ಈಚೆಗೆ ಅರ್ಧ ಸರಿಹೋಗಿದೆ.

ಅಕ್ಕಪಕ್ಕದ ನಾಲ್ಕೈದು ಸಭೆಯವರು ಕೇಳಿಕೊಂಡು ಬಂದರು, ಬರುವವರೆಲ್ಲ ಮೊದಲು ಕೇಳುವುದು ಯಾವ ಸ್ಪೀಕರ್ ಅಂತ. ಸೌಂಡ್ ಇಳಿಸಿದ ಮೇಲೆ ನಮ್ಮ ಎರಡು ಸ್ಪೀಕರಿನಲ್ಲಿ ಒಂದು ವೆಸ್ಟ್ರಿಯಲ್ಲಿ ಧೂಳು ತಿನ್ನುತ್ತಿತ್ತು. ಅವರಲ್ಲಿ ಒಬ್ಬರು ಒಳ್ಳೆ ರೇಟಿಗೇ ಕೇಳಿದರು. ಮನಸ್ಸಾಗಲಿಲ್ಲ. ಎಂಟು ಸಾವಿರಕ್ಕೆ ಶಾಮಿಯಾನದವನಿಗೆ ಕೊಟ್ಟೆ.